‘ಪಾಸಿಟಿವ್’ ಅಂದರೆ ಯಾವಾಗಲೂ ಒಳ್ಳೆಯದೇ?

‘ಪಾಸಿಟಿವ್ ಆಗಿ ಯೋಚಿಸಿ’ ಎಂಬ ಫಾರ್ವರ್ಡ್ ಬರದ ಗ್ರೂಪ್ ಇಲ್ಲ. ಆದರೆ ಲ್ಯಾಬ್ ವರದಿಯಲ್ಲಿ ಅದೇ ಪದದ ಅರ್ಥ ಬೇರೆ. ಕಲಬುರಗಿ ನಗರದ ಲ್ಯಾಬಿನ ವರದಿ ಕಮಲಾಪುರದ ಮನೆಗೆ ಈಗ ವಾಟ್ಸ್ಆ್ಯಪ್‌ನಲ್ಲೇ ಬರುತ್ತದೆ. ಬಿಡಿಸಿ ಹೇಳಲು ವೈದ್ಯರು ಪಕ್ಕದಲ್ಲಿ ಇರುವುದಿಲ್ಲ. ಹಾಗಾಗಿ ಈ ಪದದ ಅರ್ಥಗಳನ್ನು ನಾವಿಲ್ಲಿ ನೋಡೋಣ.

ಮಾತಿನಲ್ಲಿ: ಸಕಾರಾತ್ಮಕ, ಆಶಾದಾಯಕ, ಒಳ್ಳೆಯ.

ಗಣಿತ, ವಿದ್ಯುತ್‌ನಲ್ಲಿ: ಧನ. ಸೊನ್ನೆಗಿಂತ ದೊಡ್ಡದು ಧನಸಂಖ್ಯೆ. ಬ್ಯಾಟರಿಯ ಪ್ಲಸ್ ತುದಿ ಧನಾಗ್ರ.

ವೈದ್ಯಕೀಯ ಪರೀಕ್ಷೆಯಲ್ಲಿ: ‘ಹುಡುಕಿದ್ದು ಸಿಕ್ಕಿದೆ’. ಅಷ್ಟೇ.

ಹುಡುಕಿದ್ದು ಏನು ಎಂಬುದರ ಮೇಲೆ ಸುದ್ದಿ ಸಿಹಿಯೋ ಕಹಿಯೋ ಆಗುತ್ತದೆ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದೃಢಪಟ್ಟದ್ದು ಕಲಬುರಗಿಯಲ್ಲೇ. ಆಗ ‘ಪಾಸಿಟಿವ್’ ಎಂದರೆ ಊರಿಗೇ ಭಯ. ಗರ್ಭಪರೀಕ್ಷೆಯಲ್ಲಿ ಅದೇ ಪದಕ್ಕೆ ಎಷ್ಟೋ ಮನೆಗಳಲ್ಲಿ ಸಕ್ಕರೆ ಹಂಚುತ್ತಾರೆ. ‘ಓ ಪಾಸಿಟಿವ್’ ರಕ್ತ ಎಂದರೆ ಒಳ್ಳೆಯ ರಕ್ತ ಎಂದಲ್ಲ. ಕೆಂಪು ರಕ್ತಕಣಗಳ ಮೇಲೆ ಆರ್‌ಎಚ್ ಡಿ ಎಂಬ ಅಂಶ ಇದೆ ಎಂದರ್ಥ.

‘ನೆಗೆಟಿವ್’ ಬಂದರೆ ನಿಶ್ಚಿಂತೆಯೇ? ಅದೂ ಯಾವಾಗಲೂ ಅಲ್ಲ. ಆ ಮಾದರಿಯಲ್ಲಿ, ಆ ದಿನ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ಕಫ ಪರೀಕ್ಷೆ ನೆಗೆಟಿವ್ ಬಂದವರಲ್ಲೂ ಕ್ಷಯ ಇರಬಹುದು. ಕೆಮ್ಮು 2 ವಾರ ದಾಟಿಯೂ ನಿಲ್ಲದಿದ್ದರೆ ಮತ್ತೆ ವೈದ್ಯರ ಬಳಿ ಹೋಗಬೇಕು.

ನಮ್ಮ ಉತ್ತರ: ಪಾಸಿಟಿವ್ ಎಂದರೆ ‘ಒಳ್ಳೆಯದು’ ಎಂಬುದು ಮಾತಿಗೆ ಸರಿ, ವರದಿಗೆ ತಪ್ಪು. ವರದಿ ಬಂದಾಗ ‘ಏನನ್ನು ಹುಡುಕಿದ್ದು?’ ಎಂದು ಮೊದಲು ಕೇಳಿ; ಗ್ರೂಪಿಗೆ ಕಳಿಸುವ ಮುಂಚೆ ವೈದ್ಯರಿಗೆ ತೋರಿಸಿ.