ಕೊಡುವ ಮೊದಲು ಎಣಿಸಿದವರು: ನಾಗಪಾಡಾದಿಂದ ಮಾನ್‌ಖುರ್ದ್‌ವರೆಗೆ

1813ರಲ್ಲಿ ಅಮೆರಿಕದ ಮೊದಲ ಮಿಷನರಿಗಳು ಬೊಂಬಾಯಿಗೆ ಬಂದಿಳಿದಾಗ ಈಸ್ಟ್ ಇಂಡಿಯಾ ಕಂಪನಿಗೆ ಅವರು ಬೇಡವಾಗಿದ್ದರು. ಆದರೂ ಹೇಗೋ ನೆಲೆ ನಿಂತರು. ಶಾಲೆ ತೆರೆದರು, ಮರಾಠಿಯಲ್ಲಿ ಪುಸ್ತಕ ಅಚ್ಚು ಹಾಕಿಸಿದರು, ಅಹಮದ್‌ನಗರದ ಹಳ್ಳಿಗಳವರೆಗೆ ಚರ್ಚುಗಳನ್ನು ಕಟ್ಟಿದರು. ಇದೇ ಅಮೆರಿಕನ್ ಮರಾಠಿ ಮಿಷನ್. ನೂರು ವರ್ಷ ಕಳೆಯುವಷ್ಟರಲ್ಲಿ ಊರು ಬದಲಾಗಿತ್ತು. ಗಿರಣಿ ಕೆಲಸ ಹುಡುಕಿ ಬಂದವರು ಚಾಳಿನ ಒಂದೇ ಕೋಣೆಯಲ್ಲಿ ಇಡೀ ಸಂಸಾರ ನಡೆಸುತ್ತಿದ್ದರು. ಇಂಥವರ ನಡುವೆ ಚರ್ಚಿನ ಕೆಲಸವೇನು?

1925ರಲ್ಲಿ ಈ ಮಿಷನ್ನಿಗೆ ಕ್ಲಿಫರ್ಡ್ ಮಾನ್‌ಷಾರ್ಟ್ ಬಂದರು. ಅವರು ಓದಿದ್ದು ಷಿಕಾಗೊದಲ್ಲಿ. ಆ ಊರಿನಲ್ಲಿ ಜೇನ್ ಆಡಮ್ಸ್ 1889ರಲ್ಲಿ ಹಲ್ ಹೌಸ್ ತೆರೆದಿದ್ದರು. ಅದಕ್ಕೂ ಮೊದಲು, 1884ರಲ್ಲಿ, ಲಂಡನ್ನಿನ ಬಡ ಕೇರಿಯಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಹೆಂಡತಿ ಹೆನ್ರಿಯೆಟಾ ಟಾಯ್ನ್‌ಬಿ ಹಾಲ್ ಕಟ್ಟಿದ್ದರು. ಎರಡರ ಹಿಂದಿದ್ದ ಯೋಚನೆ ಒಂದೇ: ಬಡವರ ಕೇರಿಗೆ ಹೋಗಿ ಬರುವುದಲ್ಲ, ಅಲ್ಲೇ ನೆರೆಯವರಾಗಿ ಇರುವುದು.

1926ರಲ್ಲಿ ಮಿಷನ್ ಬೊಂಬಾಯಿಯ ಕೊಳೆಗೇರಿಗಳಲ್ಲಿ ಕೆಲಸ ಮಾಡಲು ತೀರ್ಮಾನಿಸಿತು. ಬೈಕುಲಾ ಮತ್ತು ಕಾಮಾಟಿಪುರದ ಮಗ್ಗುಲಲ್ಲಿ, ಮುಸ್ಲಿಮರು, ಯಹೂದಿಗಳು, ಹಿಂದೂಗಳು, ಕ್ರೈಸ್ತರು ಒತ್ತಾಗಿ ಬದುಕುತ್ತಿದ್ದ ಬಡಾವಣೆಯಲ್ಲಿ ನಾಗಪಾಡಾ ನೇಬರ್‌ಹುಡ್ ಹೌಸ್ ಹುಟ್ಟಿತು. ಮಾನ್‌ಷಾರ್ಟ್ ಅದರ ಮೊದಲ ನಿರ್ದೇಶಕರು. ಸೇವೆಯನ್ನು ಮತಾಂತರದ ಮೆಟ್ಟಿಲು ಮಾಡಿಕೊಳ್ಳಬಾರದು ಎಂಬುದು ಅವರ ನಿಲುವು. ಆಗ ಇದು ಸಣ್ಣ ಮಾತಲ್ಲ. ಆಸ್ಪತ್ರೆ, ಶಾಲೆಗಳನ್ನು ಮತಪ್ರಚಾರಕ್ಕೆ ಬಳಸುವ ಮಿಷನರಿಗಳನ್ನು ಗಾಂಧೀಜಿ ಬಹಿರಂಗವಾಗಿಯೇ ಟೀಕಿಸುತ್ತಿದ್ದ ಕಾಲ ಅದು.

ಮಾನ್‌ಷಾರ್ಟ್‌ಗೆ ಇನ್ನೊಂದು ಮಾತು ಬೇಗ ಅರ್ಥವಾಯಿತು. ಒಳ್ಳೆಯ ಮನಸ್ಸು ಸಾಲದು. ಯಾವ ಮನೆಯಲ್ಲಿ ಎಷ್ಟು ಜನ, ಏನು ಕೂಲಿ, ಎಷ್ಟು ಸಾಲ ಎಂಬುದನ್ನು ಮೊದಲು ತಿಳಿಯಬೇಕು, ತಿಳಿಯುವುದನ್ನು ಕಲಿಸಲೂ ಬೇಕು. ಅವರ ಪ್ರಸ್ತಾವವನ್ನು ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಒಪ್ಪಿತು. 1936ರಲ್ಲಿ ಭಾರತದ ಮೊದಲ ಸಮಾಜಕಾರ್ಯ ಶಾಲೆ ನಾಗಪಾಡಾದಲ್ಲೇ, 20 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. 1944ರಲ್ಲಿ ಅದರ ಹೆಸರು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂದಾಯಿತು. 1954ರಲ್ಲಿ ದೇವನಾರ್‌ಗೆ ಹೋಯಿತು. ನಾವೆಲ್ಲ ಟಿಸ್ ಎಂದು ಕರೆಯುವ ಸಂಸ್ಥೆಯ ಬೇರು ಹೀಗೆ ಒಂದು ಮಿಷನ್ನಿನ ಕೇರಿ ಕೆಲಸದಲ್ಲಿದೆ.

ಆದರೆ ಕಥೆಯ ಕಷ್ಟದ ಭಾಗ ಮುಂದಿದೆ. 1970ರ ದಶಕದಲ್ಲಿ ಟಿಸ್‌ನಲ್ಲಿ ಓದಿದ ಶೀಲಾ ಪಟೇಲ್ ನಾಗಪಾಡಾದ ಈ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಹತ್ತಿರದ ಬೈಕುಲಾದ ಫುಟ್‌ಪಾತ್‌ಗಳಲ್ಲಿ ಸಾವಿರಾರು ಸಂಸಾರಗಳಿದ್ದವು. ಔಷಧಿ, ಬಾಲವಾಡಿ ಕೊಡಬಹುದು. ನಾಳೆ ಪಾಲಿಕೆಯ ಗಾಡಿ ಬಂದು ಗುಡಿಸಲನ್ನೇ ಕಿತ್ತೊಯ್ದರೆ? ಕಲ್ಯಾಣ ಸೇವೆಯ ಚೌಕಟ್ಟು ಇದಕ್ಕೆ ಸಾಲದು ಎನಿಸಿ ಶೀಲಾ ಮತ್ತು ಗೆಳತಿಯರು ಹೊರಬಂದು 1984ರಲ್ಲಿ ಸ್ಪಾರ್ಕ್ ಸಂಸ್ಥೆ ಕಟ್ಟಿದರು. ಕಚೇರಿ ಎಂದರೆ ಬೈಕುಲಾದ ಪಾಲಿಕೆ ದವಾಖಾನೆಯ ಒಂದು ಗ್ಯಾರೇಜು.

1985ರ ಜುಲೈ 10ರಂದು ಓಲ್ಗಾ ಟೆಲಿಸ್ ಪ್ರಕರಣದ ತೀರ್ಪು ಬಂತು. ಜೀವನೋಪಾಯವೂ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ನೋಟಿಸು ಕೊಟ್ಟು, ಮಳೆಗಾಲ ಮುಗಿದ ಮೇಲೆ ತೆರವು ಮಾಡಬಹುದು ಎಂದೂ ಹೇಳಿತು. ಆ ನಡುವಿನ ತಿಂಗಳುಗಳಲ್ಲಿ ಸ್ಪಾರ್ಕ್‌ನವರು ಫುಟ್‌ಪಾತಿನವರನ್ನೇ ಜೊತೆಗೂಡಿಸಿಕೊಂಡು ಎಣಿಕೆಗೆ ಇಳಿದರು. ಸುಮಾರು 6,000 ಕುಟುಂಬಗಳ ಲೆಕ್ಕ ಸಿಕ್ಕಿತು. ವರದಿಯ ಹೆಸರು ‘ನಾವು, ಕಾಣದವರು’. ಇವರು ನಿನ್ನೆ ಬಂದ ಅಲೆಮಾರಿಗಳಲ್ಲ, ಈ ಊರಿನಲ್ಲೇ ದುಡಿದು ಬದುಕುವವರು ಎಂದು ಅದು ತೋರಿಸಿತು. ಮರುವರ್ಷ ಅದೇ ಹೆಂಗಸರ ‘ಮಹಿಳಾ ಮಿಲನ್’ ಹುಟ್ಟಿತು.

ಇವರ ಜೊತೆಗೂಡಿದವರು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದ ಜೋಕಿನ್ ಅರ್ಪುತಮ್. ಮರಗೆಲಸ ಮಾಡುತ್ತ 1960ರ ದಶಕದಲ್ಲಿ ಮುಂಬೈ ಸೇರಿ ಮಾನ್‌ಖುರ್ದ್‌ನ ಜನತಾ ಕಾಲೊನಿಯಲ್ಲಿ ನೆಲೆಸಿದ್ದರು. ಕಸ ತೆಗೆಯದ ಪಾಲಿಕೆಗೆ ಬುದ್ಧಿ ಹೇಳಲು ಕೇರಿಯ ಮಕ್ಕಳ ಕೈಯಲ್ಲಿ ಕಸದ ಪೊಟ್ಟಣ ಹೊರಿಸಿ ಪಾಲಿಕೆಯ ಕಚೇರಿ ಮುಂದೆ ಸುರಿಸಿದವರು. ಅಣುಶಕ್ತಿ ಇಲಾಖೆಗೆ ಬೇಕಾಗಿದ್ದ ಆ ಜಾಗವನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ನೆಲಸಮ ಮಾಡಿ ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ಕೋರ್ಟಿನಲ್ಲಿ ಹೋರಾಡಿ ಸೋತ ಅನುಭವ ಅವರಿಗಿತ್ತು. ಅದಕ್ಕೇ ಎದುರಾಳಿ ಬರುವ ಮೊದಲೇ ಲೆಕ್ಕ, ನಕ್ಷೆ, ಉಳಿತಾಯದ ಪುಸ್ತಕ ಸಿದ್ಧವಿರಬೇಕು ಎಂಬ ದಾರಿ ಅವರಿಗೆ ಒಪ್ಪಿಗೆಯಾಯಿತು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಅವರು 2018ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಈ ಇತಿಹಾಸವನ್ನು ಚರ್ಚು ಗೆದ್ದ ಕಥೆ ಎಂದಾಗಲಿ, ಸೋತ ಕಥೆ ಎಂದಾಗಲಿ ಓದಬೇಕಿಲ್ಲ. ಮಿಷನ್ ಒಂದು ಅಭ್ಯಾಸವನ್ನು ಬಿತ್ತಿತು: ಕೊಡುವ ಮೊದಲು ತಿಳಿ. ಆ ಅಭ್ಯಾಸ ಅದರ ಗೋಡೆಯಾಚೆ ಬೆಳೆದು, ಕೊಡುವವರ ಕೈಯಿಂದ ಪಡೆಯುವವರ ಕೈಗೆ ದಾಟಿತು. ಇಂದು ಮುಂಬೈನ ಅನೇಕ ಚರ್ಚುಗಳು ಕೊಳೆಗೇರಿಗಳಲ್ಲಿ ಟ್ಯೂಷನ್, ದವಾಖಾನೆ, ಹೊಲಿಗೆ ತರಗತಿ ನಡೆಸುತ್ತವೆ. ಅವುಗಳ ಬೆಲೆ ಕಡಿಮೆಯಲ್ಲ. ಅಲ್ಲಿ ಬರುವವರ ಹೆಸರು, ಮನೆ, ನೆಲದ ಹಕ್ಕು ಯಾವ ಪುಸ್ತಕದಲ್ಲಿದೆ, ಆ ಪುಸ್ತಕ ಯಾರ ಕೈಯಲ್ಲಿದೆ ಎಂದು ಕೇಳುವುದು ಮಾತ್ರ ಉಳಿದಿರುತ್ತದೆ.

ಬೈಕುಲಾದ ಫುಟ್‌ಪಾತಿನ ಹಲವು ಕುಟುಂಬಗಳಿಗೆ ಕೊನೆಗೂ ಮನೆ ಸಿಕ್ಕಿದ್ದು ಮಾನ್‌ಖುರ್ದ್‌ನ ಮಿಲನ್ ನಗರದಲ್ಲಿ. ಟಿಸ್‌ನ ಅಂಗಳ ಮತ್ತು ಚೀತಾ ಕ್ಯಾಂಪ್ ಎರಡೂ ಅದೇ ಎಂ-ಪೂರ್ವ ವಾರ್ಡಿನಲ್ಲಿವೆ. 2009ರ ಮಾನವ ಅಭಿವೃದ್ಧಿ ವರದಿಯಲ್ಲಿ ಇಡೀ ಮುಂಬೈಗೆ ಕಟ್ಟಕಡೆಯ ಸ್ಥಾನ ಈ ವಾರ್ಡಿನದು. 2011ರಲ್ಲಿ ಟಿಸ್ ತನ್ನ ಬಾಗಿಲಾಚೆಯ ಈ ಕೇರಿಗಳ ಸಮೀಕ್ಷೆಗೆ ಹೊರಟಿತು.