ವಿಠಲ ವಿಹಾರದ ಮೂವತ್ತು ವ್ಯಾಟು ಮತ್ತು ನಮ್ಮ ಬ್ಲೂಟೂತು

ಫೋನನ್ನು ಲ್ಯಾಪ್‌ಟಾಪಿಗೆ ಬ್ಲೂಟೂತಿನಲ್ಲಿ ಜೋಡಿಸುವಾಗ ಎರಡೂ ಪರದೆಗಳ ಮೇಲೆ ಒಂದೇ ಆರಂಕಿ ಸಂಖ್ಯೆ ಮೂಡುತ್ತದೆ. ಹೌದು ಅಂತ ಒತ್ತಿದರೆ ಮುಗೀತು. ತಂತಿಯಿಲ್ಲದೆ ಮಾತಾಡಲು ಯಾರ ಅನುಮತಿ ಬೇಕು ಅನ್ನೋ ಪ್ರಶ್ನೆಗೆ ನಮ್ಮ ಮೈಸೂರಿನಲ್ಲೇ ಒಂದು ಒಳ್ಳೆಯ ಕತೆ ಇದೆ.

ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆ 'ವಿಠಲ ವಿಹಾರ'ದಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರಿನ ಶಕ್ತಿ ಬರೀ ೩೦ ವ್ಯಾಟು, ಮನೆಯ ಒಂದು ಬಲ್ಬಿನಷ್ಟು! ಅದಕ್ಕೆ ಆಕಾಶವಾಣಿ ಅಂತ ಹೆಸರು. ಆ ಹೆಸರು ಸೂಚಿಸಿದವರು ನಾ. ಕಸ್ತೂರಿ ಅಂತ ಹೇಳುತ್ತಾರೆ. ೧೯೪೨ರಲ್ಲಿ ಮೈಸೂರು ಸರ್ಕಾರ ನಿಲಯವನ್ನು ವಹಿಸಿಕೊಂಡಿತು. ಹೆಸರು ಮಾತ್ರ ಮುಂದೆ ಇಡೀ ದೇಶದ ರೇಡಿಯೋಕ್ಕೇ ಆಯಿತು. ಇವತ್ತು ಯಾರಾದರೂ ಮೇಷ್ಟ್ರು ಮನೆಯಲ್ಲಿ ಕೂತು ಹೀಗೆ ಪ್ರಸಾರ ಮಾಡಿದರೆ ಅಪರಾಧ. ಸಮುದಾಯ ಬಾನುಲಿಯ ಲೈಸೆನ್ಸ್ ಕೂಡ ಸಂಸ್ಥೆಗಳಿಗೆ ಸಿಗುತ್ತದೆಯೇ ಹೊರತು ಒಬ್ಬ ವ್ಯಕ್ತಿಗೆ ಸಿಗೋದಿಲ್ಲ. ಇದು ನನಗೆ ಈಗಲೂ ಸರಿ ಕಾಣೋದಿಲ್ಲ.

ಪ್ರಸಾರ ಹಾಗಿರಲಿ, ಕೇಳೋದಕ್ಕೂ ಚೀಟಿ ಬೇಕಿತ್ತು. ೧೯೮೦ರ ದಶಕದವರೆಗೆ ಮನೆಯಲ್ಲಿ ರೇಡಿಯೋ ಇಟ್ಟವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ನಮ್ಮ ತಾತನ ಹೆಸರಿನ ಲೈಸೆನ್ಸ್ ಪುಸ್ತಕ ಬೀರುವಿನಲ್ಲಿ ರೇಷನ್ ಕಾರ್ಡಿನ ಪಕ್ಕದಲ್ಲೇ ಇರುತ್ತಿತ್ತು.

ಬ್ಲೂಟೂತು ಈ ಚೀಟಿಯಿಂದ ತಪ್ಪಿಸಿಕೊಂಡದ್ದು ಹೇಗೆ? ೧೯೯೪ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಯಾಪ್ ಹಾರ್ಟ್ಸನ್ ಮತ್ತವರ ಜೊತೆಗಾರರು ಇದರ ಕೆಲಸ ಶುರು ಮಾಡಿದಾಗ ಆರಿಸಿಕೊಂಡದ್ದು ೨.೪ ಗಿಗಾಹರ್ಟ್ಸ್ ಪಟ್ಟಿಯನ್ನು. ಅಮೆರಿಕದಲ್ಲಿ ಅದು ೧೯೮೫ರಿಂದಲೇ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಜಾಗ. ಭಾರತದಲ್ಲಿ ೨೦೦೫ರ ಜನವರಿಯ ನಿಯಮ ಈ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. (ಹೆಸರಿನ ಕತೆ ಎಲ್ಲರಿಗೂ ಗೊತ್ತಿರೋದೇ: ೧೯೯೭ರಲ್ಲಿ ಇಂಟೆಲ್‌ನ ಜಿಮ್ ಕಾರ್ಡಾಕ್ ತಾತ್ಕಾಲಿಕವಾಗಿ ಅಂತ ಇಟ್ಟ ಹತ್ತನೇ ಶತಮಾನದ ಡೇನಿಷ್ ರಾಜನ ಅಡ್ಡಹೆಸರು ಖಾಯಂ ಆಗಿಬಿಟ್ಟಿತು.)

ಎಲ್ಲರಿಗೂ ಬಿಟ್ಟ ಜಾಗ ಅಂದಮೇಲೆ ಸಂತೆ ಗಲಾಟೆ ಇದ್ದದ್ದೇ. ವೈಫೈ, ಮೈಕ್ರೋವೇವ್ ಒಲೆ ಎಲ್ಲ ಅಲ್ಲೇ. ಅದಕ್ಕೇ ಹಳೆಯ ಬಗೆಯ ಬ್ಲೂಟೂತು ೭೯ ಚಾನೆಲ್ಲುಗಳ ನಡುವೆ ಸೆಕೆಂಡಿಗೆ ೧೬೦೦ ಸಲ ಜಿಗಿಯುತ್ತದೆ. ದನಿಯೂ ಮೆಲ್ಲಗೆ: ಸಾಮಾನ್ಯವಾಗಿ ೨.೫ ಮಿಲಿವ್ಯಾಟು, ಅಂದರೆ ವಿಠಲ ವಿಹಾರದ ಟ್ರಾನ್ಸ್‌ಮಿಟರಿನ ಹನ್ನೆರಡು ಸಾವಿರದಲ್ಲಿ ಒಂದು ಪಾಲು.

ಹಾಗಂತ ಅನುಮತಿ ಅನ್ನೋದು ಮಾಯವಾಗಲಿಲ್ಲ. ಅಂಚೆ ಕಚೇರಿಯಿಂದ ನಮ್ಮ ಕೈಗೆ ಬಂತು, ಅಷ್ಟೇ. ಮೊದಲು ಎಷ್ಟೋ ಉಪಕರಣಗಳ ಗುಟ್ಟು ನಾಲ್ಕು ಸೊನ್ನೆ. ಯಾರು ಬೇಕಾದರೂ ಊಹಿಸಬಹುದಿತ್ತು. ಆರಂಕಿ ಹೋಲಿಸುವ ಪದ್ಧತಿ ಬಂದದ್ದು ೨೦೦೭ರ ೨.೧ ಆವೃತ್ತಿಯಲ್ಲಿ. ನಡುವೆ ಮೂರನೆಯವರು ತೂರಿಕೊಂಡಿದ್ದರೆ ಎರಡು ಪರದೆಗಳ ಸಂಖ್ಯೆ ತಾಳೆಯಾಗೋದಿಲ್ಲ. ಆದರೆ ಪಾಪ, ಮೌಸಿಗೆ ಪರದೆಯೇ ಇಲ್ಲವಲ್ಲ! ಅದನ್ನು ಲ್ಯಾಪ್‌ಟಾಪು ಏನೂ ಕೇಳದೆ ನಂಬಿಬಿಡುತ್ತದೆ.