ನಾಡಹಬ್ಬದ ಪದಕಗಳೂ ನಮ್ಮ ಸೀಮೆಯ ಸೇವಾವಂತರೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಅಂದಿನ ಏಕೀಕರಣದ ಸ್ಮರಣೆಗಾಗಿ ಸರ್ಕಾರವು 1966ರಿಂದ ರಾಜ್ಯೋತ್ಸವ ಪ್ರಶಸ್ತಿಯನ್ನು ನೀಡುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಪುರಸ್ಕೃತರಿಗೆ 25 ಗ್ರಾಂ ಚಿನ್ನದ ಪದಕ ಹಾಗೂ 5 ಲಕ್ಷ ರೂಪಾಯಿ ಸಲ್ಲುತ್ತಿವೆ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಐವತ್ತು ವರ್ಷ ತುಂಬಿದುದರ ನೆನಪಿಗೆ, 2024ರಲ್ಲಿ 50 ಮಹಿಳೆಯರನ್ನೂ 50 ಪುರುಷರನ್ನೂ ಸುವರ್ಣ ಮಹೋತ್ಸವ ಪ್ರಶಸ್ತಿಯಿಂದ ಪ್ರತ್ಯೇಕವಾಗಿ ಗೌರವಿಸಲಾಯಿತು. ಜಿಲ್ಲೆ, ತಾಲೂಕು ಕೇಂದ್ರಗಳಲ್ಲಿಯೂ ಅದೇ ದಿನ ಸನ್ಮಾನಗಳು ಜರುಗುತ್ತವೆ.

ದಾಸೋಹ ಮಾಡಿದವನು ಪದಕಕ್ಕೆ ಕೊರಳೊಡ್ಡಬಹುದೇ ಎಂಬ ಪ್ರಶ್ನೆಯನ್ನು ಭಕ್ತರು ಆಗಾಗ ಕೇಳುತ್ತಾರೆ. ಇದಕ್ಕೆ ನಮ್ಮ ಸೀಮೆಯೇ ಎರಡು ಬಗೆಯಾಗಿ ಉತ್ತರಿಸಿದೆ.

ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮೀಜಿಯವರಿಗೆ 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ, ಸನ್ಯಾಸಿಯಾದ ತಮಗೆ ಪ್ರಶಸ್ತಿಗಳಲ್ಲಿ ಆಸಕ್ತಿಯಿಲ್ಲವೆಂದು ಪ್ರಧಾನಮಂತ್ರಿಗಳಿಗೆ ವಿನಯದಿಂದ ಪತ್ರ ಬರೆದು ಅದನ್ನು ಸ್ವೀಕರಿಸಲಿಲ್ಲ. 2014ರಲ್ಲಿಯೇ ಬರೆದಿಟ್ಟಿದ್ದ ಅಂತಿಮ ಅಭಿವಂದನ ಪತ್ರದಲ್ಲಿ, ತಮ್ಮ ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗರ್ಪಿಸಬೇಕು, ಯಾವ ಸ್ಮಾರಕವನ್ನೂ ನಿರ್ಮಿಸಬಾರದು ಎಂದು ಕೋರಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದ ಮೇಲೆ ಹಾಗೆಯೇ ನಡೆಯಿತು.

ಇನ್ನೊಂದು ಉತ್ತರ ಡಾ. ಫ. ಗು. ಹಳಕಟ್ಟಿಯವರದು. ಧಾರವಾಡದಲ್ಲಿ ಹುಟ್ಟಿ ವಿಜಯಪುರವನ್ನು ಕರ್ಮಭೂಮಿಯನ್ನಾಗಿಸಿಕೊಂಡ ಈ ವಕೀಲರು ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಬಿರುದನ್ನೂ ಪಡೆದರು, ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟನ್ನೂ ಸ್ವೀಕರಿಸಿದರು. ಆದರೆ ಹಳ್ಳಿಹಳ್ಳಿಗಳ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದವರನ್ನು ಜನ ನೆನೆಯುವುದು ಬಿರುದಿಗಾಗಿ ಅಲ್ಲ. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ. ಇವಕ್ಕಾಗಿ ಕೈಬರಿದು ಮಾಡಿಕೊಂಡ ಬಾಳು ಅದು. ಸರ್ಕಾರವು ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತಿದೆ. ನಮ್ಮ ಅಭಿಪ್ರಾಯದಲ್ಲಿ ಯಾವ ಪದಕಕ್ಕಿಂತಲೂ ಇದು ಹಿರಿದು.

ನಾಲ್ಕು ತಾಲೂಕುಗಳಲ್ಲಿ ಗೌರವಕ್ಕೆ ಪಾತ್ರರಾದವರೂ ಇದ್ದಾರೆ, ಗೌರವದ ಗೊಡವೆಗೇ ಹೋಗದವರೂ ಇದ್ದಾರೆ. ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಜನಿಸಿದ ಡಾ. ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇಂಡಿ ತಾಲೂಕಿನಲ್ಲಿದ್ದು ಈಗ ಚಡಚಣ ತಾಲೂಕಿಗೆ ಸೇರಿರುವ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಸಂಗಡಿಗರು, ಬೀಸುಕಲ್ಲಿನ ಮುಂದೆ ಹಾಡಿದ ತಾಯಂದಿರ ಪದಗಳನ್ನು ‘ಗರತಿಯ ಹಾಡು’ ಎಂದು ಅಚ್ಚು ಮಾಡಿಸಿದರು. ಸಂಗ್ರಾಹಕರ ಹೆಸರುಗಳು ಉಳಿದವು, ಹಾಡಿದವರ ಹೆಸರುಗಳು ಉಳಿಯಲಿಲ್ಲ. ಇದು ನಮ್ಮನ್ನು ಇಂದಿಗೂ ಕಾಡುವ ಲೋಪ. ಬಂಥನಾಳದ ಸಂಗನಬಸವ ಶಿವಯೋಗಿಗಳು ಬಿ.ಎಲ್.ಡಿ.ಇ. ಸಂಸ್ಥೆಗಾಗಿ ಊರೂರು ತಿರುಗಿದಾಗ ಕೈಲಾದಷ್ಟು ಕೊಟ್ಟ ಒಕ್ಕಲಿಗರ ಸಂಗತಿಯೂ ಹಾಗೆಯೇ. ದಾವಣಗೆರೆಯಲ್ಲಿ 1913ರಲ್ಲಿ ಬಸವ ಜಯಂತಿಯನ್ನು ಆರಂಭಿಸಿದ ಹರ್ಡೇಕರ ಮಂಜಪ್ಪನವರು ಮುಂದೆ ನೆಲೆನಿಂತ ಆಲಮಟ್ಟಿ ಅಂದು ಬಾಗೇವಾಡಿ ತಾಲೂಕಿನದು. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಕೃಷ್ಣೆಯ ದಡದ ನೀಲಾಂಬಿಕೆಯ ಐಕ್ಯಸ್ಥಳಕ್ಕೆ ಭಕ್ತರು ತಾವಾಗಿಯೇ ನಡೆದು ಬರುತ್ತಾರೆ.

ಬಾಗೇವಾಡಿಯ ಮಗನಾದ ಬಸವಣ್ಣನವರ ಚಿತ್ರವಿರುವ 5 ಹಾಗೂ 100 ರೂಪಾಯಿಗಳ ಸ್ಮರಣಾರ್ಥ ನಾಣ್ಯಗಳನ್ನು ಭಾರತ ಸರ್ಕಾರವು 2006ರಲ್ಲಿ ಹೊರತಂದಿತು. ರಾಜ್ಯವು ಸುವರ್ಣ ಕರ್ನಾಟಕವನ್ನು ಆಚರಿಸಿದ ವರ್ಷವೂ ಅದೇ. ಬಿಜ್ಜಳನ ಭಂಡಾರದ ಲೆಕ್ಕ ನೋಡಿದ ಭಂಡಾರಿ ತಾನೇ ನಾಣ್ಯದ ಮೇಲೆ ಬಂದುದು ಸೋಜಿಗ.

ಒಂದು ಮಾತು ಆಮಂತ್ರಣ ಪತ್ರಿಕೆ ಮುದ್ರಿಸುವವರಿಗೆ. ಸಂವಿಧಾನದ 18ನೆಯ ವಿಧಿಯು ಬಿರುದುಗಳನ್ನು ರದ್ದುಪಡಿಸಿದೆ. ಪದ್ಮ ಪುರಸ್ಕಾರಗಳು ಬಿರುದುಗಳಲ್ಲ, ಆದರೆ ಅವನ್ನು ಹೆಸರಿನ ಹಿಂದೆ ಮುಂದೆ ಸೇರಿಸಕೂಡದು ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ಉಳಿದ ಪ್ರಶಸ್ತಿಗಳ ವಿಷಯದಲ್ಲೂ ಅದೇ ಶಿಸ್ತು ಶೋಭಿಸುತ್ತದೆ.

ಪದಕವನ್ನು ಒಲ್ಲೆನೆನ್ನುವ ಹಕ್ಕು ಸೇವೆ ಮಾಡಿದವರದು. ಅವರನ್ನು ಗುರುತಿಸುವ ಹೊಣೆ ಮಾತ್ರ ಸಮಾಜದ್ದು. ತಮ್ಮೂರಿನಲ್ಲಿ ಶಾಲೆಗೆ ಹೊಲ ಬಿಟ್ಟುಕೊಟ್ಟವರು, ಕೆರೆಯ ಹೂಳೆತ್ತಿಸಿದವರು, ಜಾತ್ರೆಯ ದಾಸೋಹದಲ್ಲಿ ವರ್ಷಾನುಗಟ್ಟಲೆ ರೊಟ್ಟಿ ಬಡಿದ ತಾಯಂದಿರು ಇದ್ದರೆ, ಅವರ ಹೆಸರು, ಮಾಡಿದ ಕೆಲಸ, ವರ್ಷ, ಕಂಡವರ ಸಾಕ್ಷಿ ಇಷ್ಟನ್ನು ಬರೆದು ಅಕ್ಟೋಬರ್ ತಿಂಗಳಿಗೆ ಮುಂಚೆಯೇ ತಾಲೂಕು ಆಡಳಿತಕ್ಕೆ ಒಪ್ಪಿಸಿ, ಒಂದು ಪ್ರತಿಯನ್ನು ಊರಿನ ಮಠದಲ್ಲಿಡಬೇಕೆಂದು ನಾವು ಕೋರುತ್ತೇವೆ.